ನೆಟ್ಟಿಗೂ ಒಂದು ಪಾಳಿ

ನಮಸ್ಕಾರ. ಹೋದ ತಿಂಗಳು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಗಳ ಆನ್‌ಲೈನ್ ಸಂದರ್ಶನ ನಡೆದಿತ್ತು. ನಡುವೆಯೇ ದನಿ ಕತ್ತರಿಸತೊಡಗಿತು, ಕೋಣೆಯಿಂದ "ಅಪ್ಪಾ, ನೆಟ್ ಹೋತು!" ಅಂತ ಕೂಗು. ನೆಟ್ ಎಲ್ಲೂ ಹೋಗಿರಲಿಲ್ಲ. ಪಡಸಾಲೆಯಲ್ಲಿ ಚಾರ್ಜಿಗೆ ಇಟ್ಟಿದ್ದ ನನ್ನದೇ ಫೋನು, ಸಿದ್ಧಾರೂಢ ಮಠದ ತೇರಿನ ವಿಡಿಯೋಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸುತ್ತ ಕೂತಿತ್ತು.

ಮಾತಾಡುವ ಕರೆಗೆ ಸುಮಾರು 100 ಕೆಬಿಪಿಎಸ್ ಇದ್ದರೆ ಸಾಕು, ವಿಡಿಯೋ ಸೇರಿದರೆ ಒಂದೆರಡು ಎಂಬಿಪಿಎಸ್ (ಒಂದು ಎಂಬಿಪಿಎಸ್ ಅಂದರೆ ಸಾವಿರ ಕೆಬಿಪಿಎಸ್). ನಮ್ಮ ಅಪ್‌ಲೋಡ್, ಅಂದರೆ ಮನೆಯಿಂದ ಹೊರಗೆ ಕಳಿಸುವ ವೇಗ, 20 ಎಂಬಿಪಿಎಸ್ ಇದೆ. ಅಂದರೆ ಜಾಗಕ್ಕೆ ಬರ ಇಲ್ಲ. ಆದರೆ ಬ್ಯಾಕಪ್ ಇಡೀ ಲೈನು ತುಂಬಿಕೊಂಡರೆ ಕರೆಯೂ ಅದರ ಹಿಂದೆ ಪಾಳಿ ನಿಲ್ಲಬೇಕಾಗುತ್ತದೆ, ಮಾತು ಹಾಗೆ ಕಾಯುವುದಿಲ್ಲ. ಆ ಕಡೆ ಮುಟ್ಟಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡೋಕೆ ಶುರು. ತೇರಿನ ವಿಡಿಯೋ ರಾತ್ರಿ ಹೋದರೂ ನಡೆಯುತ್ತದೆ, ಅಲ್ವಾ?

ಹಾಗಾಗಿ ಪಾಳಿಯಲ್ಲಿ ಯಾರು ಮುಂದೆ ಅಂತ ರೌಟರಿಗೆ ನಾವೇ ಹೇಳಬೇಕು. ಸೆಟ್ಟಿಂಗ್‌ನಲ್ಲಿ ಇದಕ್ಕೆ ಕ್ಯೂಓಎಸ್ ಅಂತ ಹೆಸರು. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ರಸ್ತೆ ನಡುವೆ ಮೀಸಲಿಟ್ಟ ದಾರಿ ಇದ್ದಂತೆ ಅನ್ನಿ. ಒಂದು ಫರಕು ಇದೆ: ಚಿಗರಿ ದಾರಿ ಖಾಲಿ ಬಿದ್ದಿದ್ದರೂ ನಮ್ಮ ಸ್ಕೂಟರ್ ಅಲ್ಲಿ ಹೋಗುವಂತಿಲ್ಲ, ರೌಟರ್ ಮಾತ್ರ ಕರೆ ಇಲ್ಲದಾಗ ಆ ಪಾಲನ್ನೂ ಉಳಿದವರಿಗೆ ಬಿಟ್ಟುಕೊಡುತ್ತದೆ.

ಮಗಳ ಲ್ಯಾಪ್‌ಟಾಪನ್ನು ಮೇಲೆ ಹಾಕಿದೆ, ಫೋನುಗಳನ್ನು ಕೆಳಗೆ. ಏನೂ ಆಗಲಿಲ್ಲ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪಾಳಿ ನನ್ನ ರೌಟರಿನಲ್ಲಿ ನಿಂತೇ ಇರಲಿಲ್ಲ. ರೌಟರ್ ಬಂದದ್ದನ್ನೆಲ್ಲ ಭರಭರನೆ ಮುಂದೆ ದಬ್ಬುತ್ತಿತ್ತು, ಅದರಾಚೆ ಗೋಡೆಗೆ ಹೊಡೆದ ಫೈಬರ್ ಡಬ್ಬಿಯಲ್ಲಿ ಎಲ್ಲ ಸಿಕ್ಕಿಕೊಳ್ಳುತ್ತಿತ್ತು, ಅಲ್ಲಿ ನನ್ನ ನಿಯಮ ಯಾರು ಕೇಳಬೇಕು? ಅದಕ್ಕೆ ರೌಟರಿನಲ್ಲಿ ಅಪ್‌ಲೋಡ್ ಮಿತಿಯನ್ನು 18 ಅಂತ ಬರೆದೆ. ಅಳೆದಾಗ ಬಂದ ವೇಗಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. "ರೊಕ್ಕ ಕೊಟ್ಟು ತಗೊಂಡ ಸ್ಪೀಡು ಕೈಯಾರೆ ಕಡಿಮಿ ಮಾಡ್ತೀರಲ್ರೀ" ಅಂತ ಮನೆಯವರು ನಕ್ಕರು. ಆದರೆ ಈಗ ಪಾಳಿ ನಿಲ್ಲುವುದು ನನ್ನ ರೌಟರಿನಲ್ಲೇ, ಯಾರನ್ನು ಮುಂದೆ ಬಿಡಬೇಕೆಂಬುದೂ ನನ್ನ ಕೈಯಲ್ಲೇ.

ಇನ್ನು, ಎಲ್ಲರಿಗೂ ಮೊದಲ ಪಾಳಿ ಕೊಡಬೇಡಿ. ನನ್ನ ಮಗ ತನ್ನ ಗೇಮನ್ನೂ ಟಿವಿಯನ್ನೂ ಸೇರಿಸು ಅಂತ ಗಂಟುಬಿದ್ದಿದ್ದ. ಗೇಮಿಗೆ ಕೊಟ್ಟೆ, ಅದು ತಿನ್ನುವುದು ಕಡಿಮೆ. ಟಿವಿಗೆ ಇಲ್ಲ. ಲೈನೇ ಕಟ್ ಆಗಿದ್ದರೆ ಈ ಯಾವ ಕಸರತ್ತೂ ನಡೆಯುವುದಿಲ್ಲ, ಅದು ಬೇರೆ ಮಾತು.

ಮೊನ್ನೆ ಮಗಳಿಗೆ ಎರಡನೇ ಸುತ್ತಿನ ಸಂದರ್ಶನವಿತ್ತು. ನಾನು ಬೇಕಂತಲೇ ಫೋನಿನ ಬ್ಯಾಕಪ್ ಬಂದ್ ಮಾಡಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ.