ಡಾಲರ್ ಕರಗಿ ರೂಪಾಯಿಯಾದಾಗ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಎರಡು ಕ್ವಾರ್ಟರ್‌ಗಳು, ಎಂದರೆ ಇಪ್ಪತ್ತೈದು ಸೆಂಟಿನ ನಾಣ್ಯಗಳು, ನಿಮ್ಮ ಕೈಗೆ ಬಂದಿವೆ ಎಂದುಕೊಳ್ಳಿ. ಒಂದರ ಮೇಲೆ 1964 ಎಂದಿದೆ, ಇನ್ನೊಂದರ ಮೇಲೆ 1965. ಎರಡರಲ್ಲೂ ಅದೇ ಜಾರ್ಜ್ ವಾಷಿಂಗ್ಟನ್, ಬೆನ್ನಿಗೆ ಅದೇ ಹದ್ದು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಆದರೆ ಮೊದಲನೆಯದರ ತೂಕ ಆರೂಕಾಲು ಗ್ರಾಂ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಎರಡನೆಯದರಲ್ಲಿ ಬೆಳ್ಳಿಯ ಚೂರೂ ಇಲ್ಲ. ಅಂಚನ್ನು ಬೆಳಕಿಗೆ ಹಿಡಿದರೆ ಒಳಗಿನ ತಾಮ್ರ ಕೆಂಪು ಗೆರೆಯಾಗಿ ಇಣುಕುತ್ತದೆ.

ಹೀಗೇಕಾಯಿತು? ಅರವತ್ತರ ದಶಕದಲ್ಲಿ ಬೆಳ್ಳಿ ಔನ್ಸಿಗೆ 1 ಡಾಲರ್ 29 ಸೆಂಟ್ ಮುಟ್ಟಿತು. ಆ ದರಕ್ಕೆ ಬೆಳ್ಳಿ ಡಾಲರಿನ ಲೋಹವೇ ಒಂದು ಡಾಲರ್ ಬಾಳುತ್ತದೆ. ಇನ್ನೂ ಏರಿದರೆ ನಾಣ್ಯವನ್ನು ಖರ್ಚು ಮಾಡುವವನಿಗಿಂತ ಕರಗಿಸುವವನೇ ಜಾಣ. 1965ರ ಜುಲೈಯಲ್ಲಿ ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್, ಖಜಾನೆಯಲ್ಲಿ ಬೇಕಾದಷ್ಟು ಬೆಳ್ಳಿಯಿದೆ, ಕೂಡಿಡುವವರಿಗೆ ಲಾಭವೇನೂ ಇಲ್ಲ ಎಂದರು. ಜನ ಅಧ್ಯಕ್ಷರಿಗಿಂತ ಚಿನಿವಾರ ಪೇಟೆಯನ್ನು ನಂಬಿದರು. ನನ್ನನ್ನು ಕೇಳಿದರೆ, ಸರಿಯಾಗಿಯೇ ನಂಬಿದರು. ಕೆಲವೇ ವರ್ಷಗಳಲ್ಲಿ ಬೆಳ್ಳಿಯ ಡೈಮು, ಎಂದರೆ ಹತ್ತು ಸೆಂಟಿನ ನಾಣ್ಯ, ಮತ್ತು ಕ್ವಾರ್ಟರುಗಳು ಚಲಾವಣೆಯಿಂದ ಮಾಯವಾದವು. ಅರ್ಧ ಡಾಲರಿನಲ್ಲಿ ಮಾತ್ರ 1970ರವರೆಗೆ ನೂರಕ್ಕೆ ನಲವತ್ತು ಪಾಲು ಬೆಳ್ಳಿ ಉಳಿದಿತ್ತು.

ಬೆಲೆ ಕಟ್ಟುವ ಲೆಕ್ಕ ಸುಲಭ. ಹಳೆಯ ಕ್ವಾರ್ಟರಿನಲ್ಲಿರುವುದು ಸುಮಾರು 0.18 ಔನ್ಸ್ ಬೆಳ್ಳಿ. ಇಲ್ಲಿ ಔನ್ಸ್ ಎಂದರೆ 31.1 ಗ್ರಾಂ. ಔನ್ಸಿಗೆ 30 ಡಾಲರ್ ಎಂದು ಹಿಡಿದರೆ, ಇಪ್ಪತ್ತೈದು ಸೆಂಟಿನ ನಾಣ್ಯದೊಳಗೆ ಐದು ಡಾಲರ್ ನಲವತ್ತು ಸೆಂಟಿನ ಬೆಳ್ಳಿ. ಐದು ಸೆಂಟಿನ ನಿಕ್ಕಲ್ ನಾಣ್ಯದಲ್ಲಿ ಸಾಮಾನ್ಯವಾಗಿ ಬೆಳ್ಳಿಯಿರುವುದಿಲ್ಲ. ಆದರೆ ಎರಡನೆಯ ಮಹಾಯುದ್ಧಕ್ಕೆ ನಿಕ್ಕಲ್ ಬೇಕಾದಾಗ, 1942ರಿಂದ 1945ರವರೆಗೆ ಅದಕ್ಕೂ ನೂರಕ್ಕೆ ಮೂವತ್ತೈದು ಪಾಲು ಬೆಳ್ಳಿ ಬೆರೆಸಿದರು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ಟಂಕಸಾಲೆಯ ದೊಡ್ಡ ಅಕ್ಷರವಿರುವುದೇ ಅದರ ಗುರುತು.

ಬೆಳ್ಳಿ ಡಾಲರಿನ ಕಥೆಗೆ ನಮ್ಮ ದೇಶದ ನಂಟಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಜನ ಕಾಗದದ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಬ್ರಿಟಿಷ್ ಸರ್ಕಾರದ ಬೆಳ್ಳಿ ತಳ ಕಾಣಿಸಿತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಭಾರತಕ್ಕಾಗಿಯೇ ಬ್ರಿಟನ್ನಿಗೆ ಮಾರಾಟವಾಯಿತು. ಒಂದು ಡಾಲರಿನ ಬೆಳ್ಳಿಯಿಂದ ಎರಡು ರೂಪಾಯಿ ಟಂಕಿಸಿದ ಮೇಲೂ ಸ್ವಲ್ಪ ಮಿಗುತ್ತಿತ್ತು. ನಿಮ್ಮಜ್ಜಿಯ ಪೆಟ್ಟಿಗೆಯ ಐದನೇ ಜಾರ್ಜ್ ರೂಪಾಯಿ, ಇಸವಿ 1918ರದ್ದೋ 1919ರದ್ದೋ ಆಗಿದ್ದರೆ, ಒಮ್ಮೆ ಡಾಲರಾಗಿದ್ದಿರಬಹುದು.

ಯಾವ ಇಸವಿಯ ಡಾಲರುಗಳು ಎಷ್ಟು ಕರಗಿದವು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಹಾಗಾಗಿ ಟಂಕಿಸಿದ ಸಂಖ್ಯೆ ನೋಡಿ ಇದು ಅಪರೂಪ, ಇದು ಸಾಮಾನ್ಯ ಎಂದು ತೀರ್ಮಾನಿಸುವಂತಿಲ್ಲ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಹೊರತಂದ ಮಾರ್ಗನ್ ಎಂಬ ಬೆಳ್ಳಿ ಡಾಲರುಗಳು ಒಂದೇ ಲಕ್ಷ. ಅಂಥವಕ್ಕೆ ಬೆಳ್ಳಿಯ ದರ ಲೆಕ್ಕಕ್ಕೇ ಬರುವುದಿಲ್ಲ, ಸಂಗ್ರಹಕಾರರು ಎಷ್ಟೋ ಪಟ್ಟು ಹೆಚ್ಚು ಕೊಡುತ್ತಾರೆ. ಆದರೆ ಕಪ್ಪಗಾಗಿದೆ ಎಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿ ಹೊಳಪಿಸಿದ ನಾಣ್ಯಕ್ಕೆ ಅವರು ಬೆಲೆ ಇಳಿಸುತ್ತಾರೆ. ಸವೆದ, ಸಾಧಾರಣ ಇಸವಿಯದಾದರೆ ಸಾಮಾನ್ಯವಾಗಿ ಬೆಳ್ಳಿಯ ಬೆಲೆಗಿಂತ ತುಂಬ ಹೆಚ್ಚೇನೂ ಕೊಡುವುದಿಲ್ಲ.

ನಮಸ್ಕಾರ.