ಮೊದಲು ಟೊಂಕ, ಆಮೇಲೆ ಮೊಣಕಾಲು, ಕಡೆಗೆ ಪಾದ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ನಿಂತಲ್ಲಿಂದ ಎತ್ತರಕ್ಕೆ ಜಿಗಿಯುವುದರ ಬಗ್ಗೆ.

ವಾಲಿಬಾಲ್ ನೆಟ್ಟಿನ ಮೇಲಂಚು ಗಂಡಸರ ಆಟದಲ್ಲಿ 2 ಮೀಟರ್ 43 ಸೆಂಟಿಮೀಟರ್, ಹೆಣ್ಣುಮಕ್ಕಳ ಆಟದಲ್ಲಿ 2 ಮೀಟರ್ 24. 170 ಸೆಂಟಿಮೀಟರ್ ಎತ್ತರದ ಹುಡುಗ ನಿಂತಲ್ಲೇ ಕೈ ಚಾಚಿದರೆ ಬೆರಳ ತುದಿ ಹೆಚ್ಚುಕಡಿಮೆ 2 ಮೀಟರ್ 20ಕ್ಕೆ ಮುಟ್ಟುತ್ತದೆ. ನೆಟ್ಟಿನ ಅಂಚಿಗೆ ಬೆರಳು ತಾಗಬೇಕೆಂದರೂ ಅವನು 23 ಸೆಂಟಿಮೀಟರ್ ಜಿಗಿಯಬೇಕು. ಬ್ಲಾಕ್ ಮಾಡಲು ಅಂಗೈ ಪೂರ್ತಿ ಮೇಲೆ ಬರಬೇಕಾದರೆ ಇನ್ನೂ ಒಂದು 20. ಗದಗ, ಹಾವೇರಿ ಕಡೆ ಜಾತ್ರೆಯ ಹೊತ್ತಿಗೆ ನಡೆಯುವ ಹೊನಲು ಬೆಳಕಿನ ಪಂದ್ಯಗಳಲ್ಲಿ ಗಮನಿಸಿ ನೋಡಿ. ದಿನಾ ನೂರಾರು ಬೈಠಕ್ ಹೊಡೆದು ತೊಡೆ ಬೆಳೆಸಿದವನ ಬೆರಳು ನೆಟ್ಟಿನ ಅಂಚಿಗೇ ನಿಲ್ಲುತ್ತದೆ. ಸಣಕಲು ಹುಡುಗನೊಬ್ಬ ಅವನ ಕೈ ಮೇಲಿಂದಲೇ ಸ್ಮ್ಯಾಷ್ ಹೊಡೆಯುತ್ತಾನೆ. ಮೈತೂಕ ಒಂದು ಕಾರಣ, ಸರಿ. ಆದರೆ ಬಹಳ ಸಲ ಅಸಲು ಕಾರಣ ಕಾಲಿನ ಮೂರು ಕೀಲುಗಳು ಬಿಚ್ಚಿಕೊಳ್ಳುವ, ಅಂದರೆ ಮಡಚಿದ್ದು ನೆಟ್ಟಗಾಗುವ, ಸರದಿ.

ಕಾಲು ನೆಲ ಬಿಟ್ಟ ಮೇಲೆ ಎತ್ತರ ಹೆಚ್ಚಿಸಲು ಯಾರ ಕೈಲೂ ಆಗುವುದಿಲ್ಲ. ನೆಲ ಬಿಡುವ ಗಳಿಗೆಯಲ್ಲಿ ಮೈಯ ವೇಗ ಸೆಕೆಂಡಿಗೆ 2.4 ಮೀಟರ್ ಇದ್ದರೆ ಅಲ್ಲಿಂದ ಮೇಲಕ್ಕೆ 29 ಸೆಂಟಿಮೀಟರ್ ಸಿಗುತ್ತದೆ, 2.8 ಮೀಟರ್ ಇದ್ದರೆ 40. ಈ ವೇಗ ಗಳಿಸಲು ಕಾಲಿಗೆ ಸಿಗುವ ಸಮಯ ಸುಮಾರು 0.3 ಸೆಕೆಂಡ್, ಅಷ್ಟೇ.

ಅಷ್ಟರಲ್ಲಿ ಮೊದಲು ಬಿಚ್ಚಿಕೊಳ್ಳಬೇಕಾದದ್ದು ತೊಡೆಯ ಬುಡದಲ್ಲಿರುವ ಟೊಂಕದ ಕೀಲು, ಅದರ ಬೆನ್ನಿಗೇ ಮೊಣಕಾಲು, ಕಟ್ಟಕಡೆಗೆ ಪಾದದ ಕೀಲು. ಹೀಗೇ ಏಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕವಿದೆ. ತೊಡೆ 40 ಸೆಂಟಿಮೀಟರ್, ಮೊಣಕಾಲ ಕೆಳಗಿನ ಭಾಗವೂ 40 ಸೆಂಟಿಮೀಟರ್ ಎಂದುಕೊಳ್ಳಿ. ಮೊಣಕಾಲ ಕೋನ 90 ಡಿಗ್ರಿಯಿಂದ 120ಕ್ಕೆ ಬಿಚ್ಚಿದಾಗ ಟೊಂಕಕ್ಕೂ ಪಾದದ ಕೀಲಿಗೂ ನಡುವಿನ ಅಂತರ ಸುಮಾರು 13 ಸೆಂಟಿಮೀಟರ್ ಹೆಚ್ಚುತ್ತದೆ. ಅದೇ 30 ಡಿಗ್ರಿಯನ್ನು 150ರಿಂದ 180ಕ್ಕೆ ಬಿಚ್ಚಿದರೆ ಹೆಚ್ಚುವುದು 3 ಸೆಂಟಿಮೀಟರಿಗಿಂತ ಕಡಿಮೆ. ಕೀಲು ಎಷ್ಟೇ ಜೋರಾಗಿ ತಿರುಗಿದರೂ ಮೈ ಮೇಲೇರುವುದು ಕಡಿಮೆಯಾಗುತ್ತ ಬರುತ್ತದೆ. ಮೇಲಾಗಿ, ಪೂರ್ತಿ ನೆಟ್ಟಗಾಗುವ ಮುಂಚೆ ಯಾವುದೋ ಸ್ನಾಯು ಮೊಣಕಾಲನ್ನು ತಡೆಯಲೇಬೇಕು, ಇಲ್ಲದಿದ್ದರೆ ಕೀಲೇ ಹಿಂದಕ್ಕೆ ಮುರಿದೀತು.

ಆ ಕೆಲಸಕ್ಕೆ ಮೀನಖಂಡದ ಹೊರಪದರದ ದೊಡ್ಡ ಸ್ನಾಯು ಇದೆ. ಅದು ಹುಟ್ಟುವುದು ಮೊಣಕಾಲಿನ ಮೇಲೆ, ತೊಡೆಮೂಳೆಯ ಹಿಂಬದಿಯಲ್ಲಿ. ಸೇರುವುದು ಹಿಮ್ಮಡಿಯ ಮೂಳೆಗೆ. ಎರಡು ಕೀಲು ದಾಟಿರುವ ಈ ಸ್ನಾಯು ಬಿಗಿಯಾಗಿದ್ದಾಗ ಮೊಣಕಾಲು ನೆಟ್ಟಗಾದರೆ ಹಗ್ಗದ ಒಂದು ತುದಿ ಎಳೆದಂತೆ ಇನ್ನೊಂದು ತುದಿಯಲ್ಲಿ ಹಿಮ್ಮಡಿ ಏಳುತ್ತದೆ. ಮೊಣಕಾಲಿಗೆ ತಡೆಯೂ ಆಯಿತು, ತೊಡೆಯ ದೊಡ್ಡ ಸ್ನಾಯುಗಳ ಶಕ್ತಿ ಪಾದಕ್ಕೆ ಹರಿದದ್ದೂ ಆಯಿತು. ಪಾದದ ಕೀಲು ಕಡೆಯಲ್ಲಿ ತೋರುವ ಶಕ್ತಿಯೆಲ್ಲ ಮೀನಖಂಡದ ಸ್ವಂತದ್ದಲ್ಲ.

ಹಿಮ್ಮಡಿ ಮೊದಲೇ ಎದ್ದುಬಿಟ್ಟರೆ ಈ ಏರ್ಪಾಡೇ ಕೆಡುತ್ತದೆ. ಪಾದದ ಕೀಲು ಬಿಚ್ಚಿ ಮುಗಿದಿರುತ್ತದೆ, ಮೊಣಕಾಲಿನಿಂದ ಬಂದ ಶಕ್ತಿಗೆ ಹೋಗಲು ದಾರಿ ಇರುವುದಿಲ್ಲ. ನಮ್ಮ ಶಾಲೆ ಕಾಲೇಜು ಆಟಗಾರರಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ ಎನ್ನಬಹುದು. "ತುದಿಗಾಲಲ್ಲಿ ನಿಂತು ಹಾರು" ಎಂದು ಹೇಳಿಕೊಟ್ಟವರ ಪಾಲೂ ಇದರಲ್ಲಿದೆ. ಕೆಳಗೆ ಕುಗ್ಗಿದಾಗ ಹಿಮ್ಮಡಿ ನೆಲಕ್ಕೆ ಒತ್ತಿರಬೇಕು.

ಇನ್ನೊಂದು ದೋಷ, ಎದೆ ಸೆಟೆಸಿಕೊಂಡು ಬರೀ ಮೊಣಕಾಲು ಬಗ್ಗಿಸುವುದು. ಮೈ ಸ್ವಲ್ಪ ಮುಂದಕ್ಕೆ ಬಾಗದಿದ್ದರೆ ಪಿರ್ರೆಯ ಸ್ನಾಯು ಮತ್ತು ತೊಡೆಯ ಹಿಂಬದಿ ಸ್ನಾಯುಗಳಿಗೆ ಕೆಲಸವೇ ಸಿಗುವುದಿಲ್ಲ, ಭಾರವೆಲ್ಲ ಮೊಣಕಾಲಚಿಪ್ಪಿನ ಮೇಲೆ ಬೀಳುತ್ತದೆ. ಟೊಂಕವನ್ನು ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗಿಟ್ಟು, ಮೊಣಕಾಲು ಸುಮಾರು 90 ಡಿಗ್ರಿಗೆ ಬರುವಷ್ಟು ಇಳಿಯಬೇಕು. ಇಳಿದಲ್ಲಿ ನಿಲ್ಲಬಾರದು. ಕುಕ್ಕರಿಸಿ ನಿಂತು ಜಿಗಿದದ್ದಕ್ಕಿಂತ, ಇಳಿದು ತಕ್ಷಣ ಜಿಗಿದದ್ದು ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್ ಹೆಚ್ಚು. ಇಳಿಯುವ ಮೈಯನ್ನು ತಡೆಯುವಾಗಲೇ ಸ್ನಾಯುಗಳಲ್ಲಿ ಬಿಗಿ ತುಂಬಿರುತ್ತದೆ, ಮೇಲೇಳುವ ಮೊದಲ ಕ್ಷಣದಿಂದಲೇ ಪೂರ್ತಿ ಬಲ ಸಿಗುತ್ತದೆ. ಕೈ ಬೀಸುವುದನ್ನು ಮರೆಯಬೇಡಿ. ಇಳಿಯುವಾಗ ಹಿಂದಕ್ಕೆ, ಏಳುವಾಗ ಮುಂದಿನಿಂದ ಮೇಲಕ್ಕೆ ಬೀಸಿದರೆ ಎತ್ತರ ಹತ್ತನೇ ಒಂದು ಪಾಲಿನಷ್ಟಾದರೂ ಹೆಚ್ಚುತ್ತದೆ.

ಹಾಗಾದರೆ ಬೈಠಕ್ ಹೊಡೆಯುವುದು ವ್ಯರ್ಥವೇ? ಅಲ್ಲ. ಆಮ್‌ಸ್ಟರ್‌ಡ್ಯಾಮಿನ ಬಾಬರ್ಟ್ ಮತ್ತು ವಾನ್ ಸೂಸ್ಟ್ ಎಂಬ ಸಂಶೋಧಕರು 1994ರಲ್ಲಿ ಕಂಪ್ಯೂಟರ್ ಮಾದರಿಯೊಂದರಲ್ಲಿ ಇದನ್ನೇ ಪರೀಕ್ಷಿಸಿದರು. ಸ್ನಾಯುಗಳ ಬಲ ಹೆಚ್ಚಿಸಿ, ಅವು ಯಾವಾಗ ಬಿಗಿಯಬೇಕು ಅನ್ನುವ ವೇಳೆಯನ್ನು ಹಳೆಯದೇ ಬಿಟ್ಟರೆ ಜಿಗಿತ ಕಡಿಮೆಯಾಯಿತು. ಹೊಸ ಬಲಕ್ಕೆ ತಕ್ಕಂತೆ ವೇಳೆಯನ್ನೂ ಹೊಂದಿಸಿದಾಗ ಎತ್ತರ ಏರಿತು. ಆದ್ದರಿಂದ ಗರಡಿಯ ಸಾಮು ಮಾಡುವವರು ಅದೇ ವಾರದಲ್ಲಿ ಜಿಗಿತದ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕು. ಎರಡು ತಿಂಗಳು ಬರೀ ಬೈಠಕ್ ಹೊಡೆದು ನೇರವಾಗಿ ಪಂದ್ಯಕ್ಕೆ ಇಳಿದರೆ ಆ ಬಲ ನೆಟ್ಟಿನ ಹತ್ತಿರ ಕಾಣಲಿಕ್ಕಿಲ್ಲ.

ಈಗ ನೆಲಕ್ಕೆ ಇಳಿಯುವ ಮಾತು. ಗಾಯಗಳು ಹೆಚ್ಚಾಗಿ ಆಗುವುದು ಇಲ್ಲಿ. 40 ಸೆಂಟಿಮೀಟರ್ ಮೇಲಿಂದ ಬಿದ್ದವನು ಪಾದ ತಾಗಿದ ಮೇಲೆ ಮೈಯನ್ನು 10 ಸೆಂಟಿಮೀಟರಿನಲ್ಲೇ ನಿಲ್ಲಿಸಿದರೆ ಕಾಲಿನ ಮೇಲೆ ಬೀಳುವ ಸರಾಸರಿ ಬಲ ಮೈತೂಕದ 5 ಪಟ್ಟು. ಮೂರೂ ಕೀಲು ಬಗ್ಗಿಸಿ 40 ಸೆಂಟಿಮೀಟರ್ ಇಳಿದು ನಿಲ್ಲಿಸಿದರೆ 2 ಪಟ್ಟು ಮಾತ್ರ. 60 ಕಿಲೋ ಹುಡುಗನಿಗೆ 300 ಕಿಲೋ ಭಾರವೋ, 120 ಕಿಲೋ ಭಾರವೋ ಅನ್ನುವಷ್ಟು ಅಂತರ. ಮುಂಗಾಲು ಮೊದಲು ತಾಗಲಿ, ಆಮೇಲೆ ಹಿಮ್ಮಡಿ, ಒಡನೆಯೇ ಮೊಣಕಾಲು ಮತ್ತು ಟೊಂಕ ಬಗ್ಗಲಿ. ಎದುರಿನಿಂದ ನೋಡಿದರೆ ಮೊಣಕಾಲು ಕಾಲ್ಬೆರಳುಗಳ ನೇರಕ್ಕಿರಬೇಕು. ಎರಡೂ ಮೊಣಕಾಲು ಒಳಕ್ಕೆ ವಾಲಿದರೆ ಕೀಲಿನೊಳಗೆ ಅಡ್ಡ ಹಾಯ್ದಿರುವ, ಆಟಗಾರರು ಎಸಿಎಲ್ ಅನ್ನುವ ಕಟ್ಟು ಹರಿಯುವ ಅಪಾಯ. ಹೆಣ್ಣುಮಕ್ಕಳಲ್ಲಿ ಈ ಗಾಯ ಹೆಚ್ಚು, ಅವರಿಗೆ ಜಿಗಿಯುವುದಕ್ಕಿಂತ ಮೊದಲು ಇಳಿಯುವುದನ್ನೇ ಕಲಿಸಬೇಕು.

ನೆಲದ ಬಗ್ಗೆಯೂ ಒಂದು ಮಾತು. ಧಾರವಾಡದ ಪಡುವಲಿಗೆ ಮಸಾರಿ ಮಣ್ಣು, ನವಲಗುಂದ, ಗದಗಿನ ಕಡೆ ಎರೆ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಟ್ಟು ಕಲ್ಲಾಗುತ್ತದೆ. ಆ ಬಿರುಕಿನಲ್ಲಿ ಪಾದ ಹೊರಳುವುದೇ ಹೆಚ್ಚು. ಗರಸು ಹಾಕಿ ನೀರು ಹೊಡೆದು ಸಮ ಮಾಡದೆ ಅಲ್ಲಿ ಜಿಗಿತ ಬೇಡ. ಸಿಮೆಂಟ್ ಅಂಗಳದಲ್ಲಂತೂ ದಿನಾ ಅಭ್ಯಾಸ ಬೇಡವೇ ಬೇಡ.

ಎತ್ತರ ಅಳೆಯಲು ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆಗೆ ಮುಟ್ಟಿದರೂ ಸಾಕು. ನಿಂತು ಮುಟ್ಟಿದ ಗುರುತಿಗೂ ಜಿಗಿದು ಮುಟ್ಟಿದ ಗುರುತಿಗೂ ಇರುವ ಅಂತರವೇ ಲೆಕ್ಕ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದ್ದರೆ ಕಾಲು ನೆಲ ಬಿಟ್ಟ ಚಿತ್ರದಿಂದ ಮತ್ತೆ ತಾಗಿದ ಚಿತ್ರದವರೆಗೆ ಎಣಿಸಿ. 120 ಚಿತ್ರ ಎಂದರೆ ಅರ್ಧ ಸೆಕೆಂಡ್, ಎತ್ತರ 31 ಸೆಂಟಿಮೀಟರ್. 144 ಬಂದರೆ 44. ಗಾಳಿಯಲ್ಲಿ ಮೊಣಕಾಲು ಮಡಚಿಕೊಂಡವರ ಲೆಕ್ಕ ಸುಳ್ಳು ಬರುತ್ತದೆ, ಕಾಲು ನೆಟ್ಟಗಿಟ್ಟೇ ನೆಲ ಮುಟ್ಟಬೇಕು, ಮುಟ್ಟಿದೊಡನೆ ಬಗ್ಗಿಸಬೇಕು.

ಹೊಸಬರಿಗೆ ಒಂದು ದಿನದ ಅಭ್ಯಾಸದಲ್ಲಿ ಪಾದ ನೆಲಕ್ಕೆ ತಾಗುವುದು 80ರಿಂದ 100 ಸಲ ಸಾಕು. ಮುಂದಿನ ಅಭ್ಯಾಸಕ್ಕೆ 2ರಿಂದ 3 ದಿನ ಬಿಡುವಿರಲಿ. ಮೊಣಕಾಲಚಿಪ್ಪಿನ ಕೆಳತುದಿಯಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಅಲ್ಲಿನ ಸ್ನಾಯುರಜ್ಜು ದಣಿದಿದೆ ಎಂದೇ ತಿಳಿಯಿರಿ, ಜಿಗಿತಗಳ ಎಣಿಕೆ ಇಳಿಸಿ. 10ರಿಂದ 15 ವರ್ಷದ ಮಕ್ಕಳಲ್ಲಿ ನೋವು ಇನ್ನೂ ಕೆಳಗೆ, ಕಾಲಮೂಳೆಯ ಮುಂದಿನ ಉಬ್ಬಿನಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಜಗ್ಗುವುದರಿಂದ ಬರುವ ನೋವು ಅದು. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿ, ಜಿಗಿತ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ನಮಸ್ಕಾರ.