ಬಾನೆಟ್ ಕೆಳಗಿನ ಕಿರುಚಾಟ

ನಮಸ್ಕಾರ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಟ್ಟು ಮಲಗಬೇಕಾಗಿರಲಿಲ್ಲ. ಬೆಳಿಗ್ಗೆ ಆರೂವರೆಗೆ ನಾನು ಕಾರಿನ ಕೀ ತಿರುಗಿಸಿದರೆ ಸಾಕು, ಕೀಈಈ ಅಂತ ಇಡೀ ಬೀದಿಗೆ ಕೇಳುವ ಕೂಗು. ಎದುರು ಮನೆಯ ಅಜ್ಜಿ ಒಂದಿನ ಕಿಟಕಿಯಿಂದ ಇಣುಕಿ, "ಏನಪ್ಪಾ, ಹಂದಿ ಹಿಡಿಯೋರು ಬಂದ್ರಾ?" ಅಂತ ಕೇಳಿಯೇಬಿಟ್ಟರು.

ಕಾರು ಮಾರುತಿ 800, 1998ರ ಮಾಡೆಲ್. ಅಪ್ಪ ಕೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಿಂದಿನ ಸೀಟಿನಲ್ಲಿ ಅಡಿಕೆ ಚೀಲ ಹೇರಿಕೊಂಡು ಇನ್ನೂ ಓಡಾಡುತ್ತಿರುತ್ತವೆ. ಹಾಗಾಗಿ ಈ ಕೂಗು ಕೇಳಿ ಬೈದುಕೊಂಡವರು ನಿಮ್ಮಲ್ಲೂ ಇರಬಹುದು.

ಕೂಗುತ್ತಿದ್ದದ್ದು ಬೆಲ್ಟು. ಗ್ಯಾರೇಜಿನಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಅನ್ನುತ್ತಾರೆ. ತಮಾಷೆ ಅಂದರೆ 800ರಲ್ಲಿ ಈ ಬೆಲ್ಟು ಫ್ಯಾನನ್ನು ತಿರುಗಿಸುವುದೇ ಇಲ್ಲ. ರೇಡಿಯೇಟರ್ ಫ್ಯಾನಿಗೆ ಬೇರೆ ಮೋಟಾರು ಇದೆ, ಕರೆಂಟಿನಲ್ಲಿ ಓಡುತ್ತದೆ. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಫ್ಯಾನನ್ನೂ ಇದೇ ಬೆಲ್ಟು ತಿರುಗಿಸುತ್ತಿತ್ತು. ಆ ಕಾರುಗಳು ಹೋದವು, ಹೆಸರು ಉಳಿಯಿತು. ಹಳೇ ಮೆಕ್ಯಾನಿಕ್‌ಗಳು ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ಈಗಲೂ ಡೈನಮೋ ಅನ್ನುತ್ತಾರಲ್ಲ, ಹಾಗೆ.

ಈ ಬೆಲ್ಟಿಗೆ ನಿಜವಾಗಿ ಇರುವುದು ಎರಡು ಕೆಲಸ. ಎಂಜಿನ್ನಿನ ಕೆಳಗಿನ ಪುಲ್ಲಿ ತಿರುಗಿದಾಗ ಅದರ ಜೊತೆಗೆ ಎಂಜಿನ್ ತಣಿಸುವ ನೀರನ್ನು ಸುತ್ತಿಸುವ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸಬೇಕು. ಪಂಪು ನಿಂತರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಆಲ್ಟರ್ನೇಟರ್ ನಿಂತರೆ ಬ್ಯಾಟರಿ ಖಾಲಿ. ಏಸಿ ಇದ್ದರೆ ಅದರ ಕಂಪ್ರೆಸರ್‌ಗೆ ಇನ್ನೊಂದು ಬೆಲ್ಟು ಇರುತ್ತದೆ, ಅದೂ ಕೂಗಬಲ್ಲದು. ಏಸಿ ಹಾಕಿದಾಗ ಮಾತ್ರ ಸದ್ದು ಬಂದರೆ ಮೊದಲು ಅದನ್ನೇ ನೋಡಿ.

ಬೆಲ್ಟನ್ನು ಅಡ್ಡ ಕೊಯ್ದರೆ ಇಂಗ್ಲಿಷಿನ ವಿ ಅಕ್ಷರ ಕಾಣುತ್ತದೆ, ತುದಿ ಕತ್ತರಿಸಿದ ವಿ. ಅದು ಪುಲ್ಲಿಯ ತೋಡಿನಲ್ಲಿ ಬೆಣೆಯ ಹಾಗೆ ಕೂರುತ್ತದೆ. ಹಿಡಿತವೆಲ್ಲ ಎರಡು ಪಕ್ಕದ್ದು. ತಳ ತಾಗಲೇ ಬಾರದು. ಸವೆದು ಸವೆದು ಬೆಲ್ಟು ಕೆಳಗಿಳಿದು ತೋಡಿನ ತಳ ಮುಟ್ಟಿತು ಅಂದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ನನ್ನ ಬೆಲ್ಟು ಬಿಚ್ಚಿದಾಗ ಅದರ ಪಕ್ಕಗಳು ಹೊಸ ಸ್ಟೀಲ್ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿದ್ದವು. ನನಗೆ ಖುಷಿಯಾಗಿತ್ತು, ಎಷ್ಟು ನುಣುಪಾಗಿದೆ ಅಂತ. ಆ ನುಣುಪೇ ರೋಗ.

ಬೆಳಿಗ್ಗೆಯೇ ಯಾಕೆ ಕೂಗುತ್ತದೆ? ಸ್ಟಾರ್ಟ್ ಮಾಡುವಾಗ ಬ್ಯಾಟರಿ ಒಂದಿಷ್ಟು ಕರೆಂಟು ಕಳೆದುಕೊಂಡಿರುತ್ತದೆ. ಎಂಜಿನ್ ಹತ್ತಿದ ಕೂಡಲೇ ಆಲ್ಟರ್ನೇಟರ್ ಅದನ್ನು ತುಂಬಲು ಹೊರಡುತ್ತದೆ. ಆಗ ಅದನ್ನು ತಿರುಗಿಸುವುದು ಭಾರ. ಮೇಲಿಂದ ಮಲೆನಾಡಿನ ಥಂಡಿ, ಬೆಲ್ಟಿನ ಮೇಲೆ ಇಬ್ಬನಿಯ ಪಸೆ. ಸಡಿಲ ಬೆಲ್ಟು ಜಾರುತ್ತದೆ, ಜಾರಿದ್ದು ಕಿರುಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆಲ್ಟರ್ನೇಟರಿನ ಭಾರ ಇಳಿಯುತ್ತದೆ, ರಬ್ಬರ್ ಬೆಚ್ಚಗಾಗುತ್ತದೆ, ಸದ್ದು ನಿಲ್ಲುತ್ತದೆ. ನಾವು ಸರಿಹೋಯಿತು ಅಂದುಕೊಂಡು ಆಫೀಸಿಗೆ ಹೋಗುತ್ತೇವೆ. ನಾನು ಹಾಗೆ ಎಂಟು ತಿಂಗಳು ಹೋಗಿದ್ದೇನೆ.

ಮೊದಲ ಗ್ಯಾರೇಜಿನಲ್ಲಿ ಹುಡುಗ ಬಟ್ಟೆ ಸೋಪಿನ ಬಿಲ್ಲೆ ತಂದು ಬೆಲ್ಟಿಗೆ ತಿಕ್ಕಿದ. ಸದ್ದು ಮಾಯ! ದುಡ್ಡೂ ತೆಗೆದುಕೊಳ್ಳಲಿಲ್ಲ, ಪಾಪ. ಮೂರನೇ ದಿನ ಮಳೆಯಲ್ಲಿ ಒಂದು ಗುಂಡಿಗೆ ಇಳಿದೆ. ನೀರು ಒಳಗೆ ಎರಚಿತು. ಆಮೇಲೆ ಕೂಗಿದ್ದು ಮೊದಲಿಗಿಂತ ಜೋರಾಗಿ. ಸೋಪು ಜಾರುವುದನ್ನು ನಿಲ್ಲಿಸುವುದಿಲ್ಲ, ಸದ್ದಿಲ್ಲದೆ ಜಾರುವ ಹಾಗೆ ಮಾಡುತ್ತದೆ, ಅಷ್ಟೆ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಗ್ರೀಸು, ಎಣ್ಣೆ ಹಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ. ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಎರಡನೇ ಗ್ಯಾರೇಜಿನಲ್ಲಿ ಹೊಸ ಬೆಲ್ಟು ಹಾಕಿದರು. ಕೂಗಬಾರದು ಅಂತ ರಾಡು ಕೊಟ್ಟು ವೀಣೆಯ ತಂತಿಯ ಹಾಗೆ ಬಿಗಿದರು. ಕೂಗು ನಿಂತಿತು ನಿಜ. ಎರಡು ತಿಂಗಳಾದ ಮೇಲೆ ಬಾನೆಟ್ ಕೆಳಗೆ ಬೇರೆ ರಾಗ ಶುರುವಾಯಿತು. ಗರ್ರ್ ಅಂತ, ಹಳೇ ಮಿಕ್ಸಿಯಲ್ಲಿ ಕಡಲೆಬೇಳೆ ಹಾಕಿದ ಹಾಗೆ. ಇದು ಬೆಲ್ಟಿನದಲ್ಲ, ಬೇರಿಂಗಿನದು. ಅತಿಯಾಗಿ ಬಿಗಿದರೆ ಆಲ್ಟರ್ನೇಟರಿನ ಬೇರಿಂಗು, ವಾಟರ್ ಪಂಪಿನ ಬೇರಿಂಗು ಎರಡನ್ನೂ ಬೆಲ್ಟು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ನನ್ನದರಲ್ಲಿ ಮೊದಲು ಸೋತದ್ದು ಆಲ್ಟರ್ನೇಟರ್.

ಯಾವ ಬೇರಿಂಗು ಅಂತ ತಿಳಿಯಲು ಎಂಜಿನ್ ಆಫ್ ಮಾಡಿ ಬೆಲ್ಟು ಬಿಚ್ಚಿ. ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಒಳ್ಳೆಯದಾದರೆ ನುಣ್ಣಗೆ ತಿರುಗುತ್ತದೆ. ಕೆಟ್ಟಿದ್ದರೆ ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಬೆರಳಿಗೇ ಗೊತ್ತಾಗುತ್ತದೆ. ಹಿಡಿದು ಅಲ್ಲಾಡಿಸಿದರೆ ಪಂಪಿನ ಪುಲ್ಲಿ ಲೊಟಲೊಟ ಅನ್ನಬಾರದು. ಬೇಕಿದ್ದರೆ ಬೆಲ್ಟಿಲ್ಲದೆ ಅರ್ಧ ನಿಮಿಷ ಎಂಜಿನ್ ಓಡಿಸಿ ನೋಡಬಹುದು. ಅದಕ್ಕಿಂತ ಜಾಸ್ತಿ ಬೇಡ, ಪಂಪು ತಿರುಗುತ್ತಿರುವುದಿಲ್ಲವಲ್ಲ. ಆಗಲೂ ಸದ್ದು ಇದ್ದರೆ ಬೆಲ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಆಲ್ಟರ್ನೇಟರ್ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋಯಿತು, ಹೊಸ ಬೇರಿಂಗಿನ ಜೊತೆ ವಾಪಸ್ಸು ಬಂತು. ಈಗ ಮೂರನೇ ರಾಗ. ಚಿಕ್ ಚಿಕ್ ಚಿಕ್ ಚಿಕ್. ಗುಬ್ಬಚ್ಚಿಯ ಹಾಗೆ, ತಾಳ ತಪ್ಪದೆ. ಆಕ್ಸಲರೇಟರ್ ಒತ್ತಿದರೆ ಗುಬ್ಬಿಯೂ ಅವಸರ ಮಾಡುತ್ತದೆ. ಇದನ್ನು ಮೈಕಿನ ಮುಂದೆ ಮಾಡಿ ತೋರಿಸಿದ್ದಕ್ಕೆ ಸ್ಟುಡಿಯೋದ ಗಾಜಿನ ಆಚೆ ಕೂತವರು ನಗುತ್ತಿದ್ದಾರೆ, ಇರಲಿ. ಇದಕ್ಕಾಗಿ ಇನ್ನೊಂದು ಹೊಸ ಬೆಲ್ಟು ಹಾಕಿಸಿದೆ. ಒಂದು ವಾರ ಮೌನ, ಆಮೇಲೆ ಮತ್ತೆ ಗುಬ್ಬಿ.

ಕೊನೆಗೆ ನನಗೆ ಸಿಕ್ಕಿದ್ದು ಊರಾಚೆ ಶೆಡ್ಡಿನಲ್ಲಿ ಒಬ್ಬರೇ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಕುಡಿಯುವ ನೀರಿನ ಬಾಟಲಿ ತಂದರು, ಮುಚ್ಚಳಕ್ಕೆ ಸಣ್ಣ ತೂತು. "ಸ್ಟಾರ್ಟ್ ಮಾಡಿ ಸಾರ್" ಅಂದರು. ದೂರದಿಂದ ಬೆಲ್ಟಿನ ಒಳಮೈಗೆ ನೀರು ಚಿಮ್ಮಿಸಿದರು. ಗುಬ್ಬಿ ಸುಮ್ಮನಾಯಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಚಿಕ್ ಚಿಕ್. "ಬೆಲ್ಟು ಚೆನ್ನಾಗಿದೆ. ಪುಲ್ಲಿ ಲೈನಲ್ಲಿ ಇಲ್ಲ" ಅಂದರು.

ಈ ನೀರಿನ ಲೆಕ್ಕ ಸುಲಭ. ನೀರು ಬಿದ್ದಾಗ ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ನೀರು ಬಿದ್ದು ಸದ್ದು ಇನ್ನೂ ಜೋರಾದರೆ ಬೆಲ್ಟು ಸಡಿಲ. ಮಾಡುವಾಗ ಹೆಗಲ ಮೇಲಿನ ಟವಲ್ಲು, ಸೆರಗು, ಜಡೆ ಎಲ್ಲ ದೂರ ಇರಲಿ. ಓಡುವ ಬೆಲ್ಟಿನ ಹತ್ತಿರ ಕೈ ಒಯ್ಯಲೇಬೇಡಿ.

ಆಮೇಲೆ ಅವರು ಎಂಜಿನ್ ಆಫ್ ಮಾಡಿಸಿ, ನೆಟ್ಟಗಿನ ಕಬ್ಬಿಣದ ಸ್ಕೇಲೊಂದನ್ನು ಕೆಳಗಿನ ಪುಲ್ಲಿಯ ಮುಖಕ್ಕೂ ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೂ ಒತ್ತಿ ಹಿಡಿದರು. ಸ್ಕೇಲಿಗೂ ಆಲ್ಟರ್ನೇಟರ್ ಪುಲ್ಲಿಗೂ ನಡುವೆ ಎರಡು ರೂಪಾಯಿ ನಾಣ್ಯ ತೂರುವಷ್ಟು ಸಂದಿ. ಬೇರಿಂಗು ಬದಲಿಸಿದಾಗ ಪುಲ್ಲಿಯ ಹಿಂದೆ ಇರಬೇಕಾದ ದಪ್ಪ ವಾಷರನ್ನು ಯಾರೋ ಹಾಕಲು ಮರೆತಿದ್ದರು. ಬೆಲ್ಟು ಪ್ರತಿ ಸುತ್ತಿಗೂ ಓರೆಯಾಗಿ ತೋಡಿಗೆ ಇಳಿಯುತ್ತಿತ್ತು, ಪಕ್ಕ ಉಜ್ಜಿ ಚಿಕ್ ಅನ್ನುತ್ತಿತ್ತು. ನಾನು ಎರಡು ಬೆಲ್ಟು ಕೊಂಡಿದ್ದೆ, ಬೇಕಾಗಿದ್ದದ್ದು ಒಂದು ವಾಷರ್. ಅವರು ತಗಡಿನ ಡಬ್ಬ ಕೆದಕಿ ಒಂದನ್ನು ತೆಗೆದು ಹಾಕಿದರು. ಮರುದಿನ ಅಜ್ಜಿ, "ಕಾರು ಮಾರಿಬಿಟ್ಯೇನಪ್ಪಾ?" ಅಂದರು.

ಬಿಗಿ ಮಾಡುವುದನ್ನು ಮಾತ್ರ ನೀವೇ ಮಾಡಿಕೊಳ್ಳಬಹುದು. ಎಂಜಿನ್ ತಣ್ಣಗಿರಬೇಕು, ಕೀ ಜೇಬಿನಲ್ಲಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಆಲ್ಟರ್ನೇಟರ್ ಕೆಳಗಡೆ ಒಂದು ಉದ್ದ ಬೋಲ್ಟಿನ ಮೇಲೆ ತೂಗುತ್ತದೆ. ಇನ್ನೊಂದು ತುದಿಯಲ್ಲಿ ಉದ್ದ ತೂತಿನ ಪಟ್ಟಿ, ಅದರಲ್ಲೊಂದು ಬೋಲ್ಟು. ಎರಡನ್ನೂ ಸ್ವಲ್ಪ ಸಡಿಲಿಸಿ. ಸುತ್ತಿಗೆಯ ಮರದ ಹಿಡಿಯನ್ನು ಎಂಜಿನ್ನಿಗೂ ಆಲ್ಟರ್ನೇಟರಿಗೂ ನಡುವೆ ತೂರಿಸಿ ಹೊರಕ್ಕೆ ಮೀಟಿ ಹಿಡಿದು, ಮೊದಲು ಪಟ್ಟಿಯ ಬೋಲ್ಟು, ಆಮೇಲೆ ಕೆಳಗಿನದು ಟೈಟ್ ಮಾಡಿ. ಮೀಟುವಾಗ ಹಿಂಬದಿಯ ತೆಳು ಅಲ್ಯೂಮಿನಿಯಂ ಕವರಿಗೆ ಭಾರ ಬೀಳಬಾರದು, ಒಡೆಯುತ್ತದೆ. ಉದ್ದ ಇರುವ ಕಡೆ ಬೆಲ್ಟಿನ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ತಗ್ಗಬೇಕು. ಸರಿಯಾದ ಲೆಕ್ಕ ನಿಮ್ಮ ಕಾರಿನ ಪುಸ್ತಕದಲ್ಲಿರುತ್ತದೆ. ಇನ್ನೊಂದು ಪರೀಕ್ಷೆ: ಆಲ್ಟರ್ನೇಟರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಬೆಲ್ಟು ಅಲ್ಲೇ ಇದ್ದು ಪುಲ್ಲಿ ಮಾತ್ರ ಜಾರಿದರೆ ಇನ್ನೂ ಸಡಿಲ ಅಂತಲೇ ಲೆಕ್ಕ.

ಬೆಲ್ಟಿನ ಮೇಲೆ ಎಣ್ಣೆ ಕಂಡರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗು ಸೋರುತ್ತಿದೆಯಾ ನೋಡಿ, ಮೊದಲು ಅದನ್ನು ಬದಲಿಸಿ, ಆಮೇಲೆ ಬೆಲ್ಟು. ಹೊಸ ಬೆಲ್ಟು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಬೆನ್ನ ಮೇಲೆ ನಂಬರ್ ಅಚ್ಚಾಗಿರುತ್ತದೆ. ಎರಡನ್ನೂ ಎಳೆದು ಉದ್ದ ಹೋಲಿಸಬೇಡಿ, ಹಳೆಯದು ಹಿಗ್ಗಿರುತ್ತದೆ. ಹೊಸದೂ ಮೊದಲ ಕೆಲವು ದಿನ ಹಿಗ್ಗುತ್ತದೆ. ಹಾಗಾಗಿ ಒಂದೆರಡು ವಾರ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ದಾರಿಯಲ್ಲಿ ಬ್ಯಾಟರಿ ಲೈಟು ಹತ್ತಿ, ಟೆಂಪರೇಚರ್ ಮುಳ್ಳು ಮೇಲೇರಿದರೆ ಬೆಲ್ಟು ತುಂಡಾಗಿದೆ ಅಂತ ತಿಳಿದುಕೊಂಡು ಅಲ್ಲೇ ನಿಲ್ಲಿಸಿ. ಊರು ಇನ್ನೆರಡೇ ಕಿಲೋಮೀಟರ್ ಇದೆ ಅಂತ ಓಡಿಸಿದರೆ ಎಂಜಿನ್ ಕಾದು, ಅದರ ಒಳಗಿನ ಹೆಡ್ ಗ್ಯಾಸ್ಕೆಟ್ ಅನ್ನುವ ಪ್ಯಾಕಿಂಗು ಬದಲಿಸುವ ಖರ್ಚಿಗೆ ಬರುತ್ತದೆ. ನನ್ನ ಕಾರಿನ ಸ್ಟೆಪ್ನಿ ಪಕ್ಕದಲ್ಲಿ ಈಗ ಒಂದು ಬೆಲ್ಟು, ಎರಡು ಸ್ಪ್ಯಾನರ್, ಒಂದು ಸುತ್ತಿಗೆ ಹಿಡಿ ಕಾಯಂ ಇವೆ. ಅಂದು ಸುಮ್ನೆ ಬಿಚ್ಚಿಸಿದ, ಎರಡನೇ ಗ್ಯಾರೇಜಿನಲ್ಲಿ ಹಾಕಿದ್ದ ಬೆಲ್ಟೇ ಅದು, ಇನ್ನೂ ಗಟ್ಟಿಯಾಗಿದೆ. ನಮಸ್ಕಾರ.